ಬರೆಯುವ ಕೋಣೆಯ ಸೀಮೆಸುಣ್ಣದ ಗೆರೆ

ನಾನು, ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವವಳು, ವಯಸ್ಸು 56 ವರ್ಷ, ವೃತ್ತಿ ಹೊಲಿಗೆ, ವಾಸ ಬಸ್ ನಿಲ್ದಾಣದ ಹಿಂದಿನ ಅಡ್ಡರಸ್ತೆಯ ಮೂರನೇ ಮನೆ, ನೆಲಮಹಡಿ. ಇನ್‌ಸ್ಪೆಕ್ಟರ್ ಸಾಹೇಬರು ನನ್ನನ್ನು ಠಾಣೆಗೆ ಕರೆಸಿ ಎರಡು ವಿಷಯ ಕೇಳಿದ್ದಾರೆ. ಪೊಲೀಸರು ಬರುವ ಮೊದಲೇ ನನ್ನ ಯಜಮಾನರ ದೇಹದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದವರು ಯಾರು ಎಂಬುದು ಒಂದು. ಅವರು ತೀರಿಕೊಂಡದ್ದು ಯಾರಿಗೂ ಗೊತ್ತಿಲ್ಲದಾಗಲೇ ನಾನು ಫೋನಿನಲ್ಲಿ ಅವರು ಸತ್ತಿದ್ದಾರೆ ಎಂದು ಹೇಳಿದ್ದು ಹೇಗೆ ಎಂಬುದು ಇನ್ನೊಂದು. ಎರಡಕ್ಕೂ ಉತ್ತರವಾಗಿ ನಾನು ಈ ಮೂಲಕ ತಿಳಿಯಪಡಿಸುವುದೇನೆಂದರೆ:

ನನ್ನ ಯಜಮಾನರು, ವಯಸ್ಸು 61, ಕ್ರೈಂ ಕಾದಂಬರಿಗಳನ್ನು ಬರೆಯುತ್ತಿದ್ದರು. ಅವು ಬುದ್ಧಿವಂತ ಪತ್ತೇದಾರನೊಬ್ಬ ಕೊನೆಯಲ್ಲಿ ಕಳ್ಳನನ್ನು ಹಿಡಿಯುವ ಪುಸ್ತಕಗಳಲ್ಲ. ಅವುಗಳಲ್ಲಿ ಯಾರೂ ಪೂರ್ತಿ ಒಳ್ಳೆಯವರಲ್ಲ, ಪೊಲೀಸರೂ ಅಲ್ಲ. ಇದನ್ನು ಇಲ್ಲಿ ಕುಳಿತು ಹೇಳಬಾರದು, ಆದರೆ ಸಾಹೇಬರು ಕೇಳಿದ್ದರಿಂದ ಹೇಳಿದ್ದೇನೆ. ಕೊಂದವನು ಯಾರೆಂದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಪಕ್ಕದ ಮನೆಯವರು, ಬಸ್ಸಿನಲ್ಲಿದ್ದವರು, ಕಟ್ಟಿಕೊಂಡ ಹೆಂಡತಿ, ಇವರೆಲ್ಲ ಕಂಡೂ ಕಾಣದವರಂತೆ ಹೇಗೆ ಹಾದುಹೋದರು ಎಂಬುದೇ ಉಳಿದ ಪುಟಗಳು. ಇದನ್ನು ಓದಿದರೆ ಊಟ ಸೇರುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ಅವರು ಅದನ್ನು ಹೊಗಳಿಕೆ ಎಂದುಕೊಂಡು ಇನ್ನೊಂದು ಲೋಟ ಚಹಾ ಕೇಳುತ್ತಿದ್ದರು.

ಅವರ ಎರಡನೇ ಪುಸ್ತಕದಲ್ಲಿ ಒಬ್ಬ ಗುಮಾಸ್ತ ಕುರ್ಚಿಯಿಂದ ಬೋರಲಾಗಿ ಬಿದ್ದು ಸಾಯುತ್ತಾನೆ. ಮುಂದಿನ ಪುಟದಲ್ಲಿ ಬಾಗಿಲಲ್ಲಿ ನಿಂತವರಿಗೆಲ್ಲ ಅವನ ಎದೆಯ ಗಾಯ ಕಾಣುತ್ತದೆ. ಓದುಗರು ಅದನ್ನು ಹಿಡಿದುಕೊಂಡು ವರ್ಷಗಟ್ಟಲೆ ಆಡಿಕೊಂಡರು. ಅಂದಿನಿಂದ ಯಜಮಾನರು ತಾವೇ ನೆಲದ ಮೇಲೆ ಬಿದ್ದು ನೋಡದೆ ಯಾವ ಹೆಣವನ್ನೂ ಬರೆದವರಲ್ಲ. ಅವರು ಬಿದ್ದಲ್ಲಿಗೆ ನಾನು ಹೋಗಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಸುತ್ತಲೂ ಗೆರೆ ಎಳೆಯಬೇಕು. ಆಮೇಲೆ ಅವರು ಎದ್ದು, ನನ್ನ ಟೇಪು ಇಸಿದುಕೊಂಡು, ಮೇಜಿನ ಕಾಲಿಗೂ ಕೈಗೂ ಎಷ್ಟು ದೂರ, ಕಿಟಕಿಯಿಂದ ನೋಡಿದರೆ ಯಾವ ಭಾಗ ಕಾಣುತ್ತದೆ ಎಂದೆಲ್ಲ ಅಳೆದು ಬರೆಯುತ್ತಿದ್ದರು. ಬಿದ್ದಿರುವಾಗ ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ. ಮತ್ತೆ ಮತ್ತೆ ಕೂಗಿದರೆ, ಎದ್ದ ಮೇಲೆ, ಹೆಣ ಎಲ್ಲಾದರೂ ಮಾತಾಡುತ್ತದೆಯೇ ಎಂದು ರೇಗುತ್ತಿದ್ದರು. ಒಮ್ಮೆ ಗ್ಯಾಸ್ ತಂದವನು ಕಿಟಕಿಯಿಂದ ಇಣುಕಿ ನೋಡಿ, ಸಿಲಿಂಡರನ್ನು ರಸ್ತೆಯಲ್ಲೇ ಬಿಟ್ಟು ಓಡಿದ್ದಾನೆ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಸಾಯುವುದು ಎಂದೇ ಹೆಸರು. ಅವರನ್ನು ಕೇಳಿಕೊಂಡು ಬಂದವರಿಗೆ, ಸತ್ತಿದ್ದಾರೆ, ಅರ್ಧ ಗಂಟೆ ಬಿಟ್ಟು ಬನ್ನಿ ಎಂದು ನಾನು ಹೇಳುವುದು ಮೊದಲಿನಿಂದ ನಡೆದುಕೊಂಡು ಬಂದದ್ದೇ.

ಸೋಮವಾರ ಬೆಳಿಗ್ಗೆ 8.30ಕ್ಕೆ ತಿಂಡಿ ತಿನ್ನುವಾಗ ಅವರು ಎಡಭುಜ ಹಿಡಿದುಕೊಂಡಂತಿದೆ ಎಂದರು. ದಿನವಿಡೀ ಮೇಜಿನ ಮೇಲೆ ಬಗ್ಗಿ ಕೂತರೆ ಇನ್ನೇನಾಗುತ್ತದೆ ಎಂದೆ. 9 ಗಂಟೆಗೆ ಅವರು ಬರೆಯುವ ಕೋಣೆಗೆ ಹೋದರು, ನಾನು ಮುಂದಿನ ಕೋಣೆಯಲ್ಲಿ ಅಂಗಡಿ ತೆರೆದೆ. ಎರಡು ಕೋಣೆಗಳ ನಡುವೆ ಬಾಗಿಲಿಲ್ಲ, ಪರದೆ ಮಾತ್ರ. ನನ್ನ ಮಷೀನಿನಿಂದ ಅವರ ಮೇಜಿಗೆ 14 ಅಡಿ. ಶಾಲೆಯ ಸಮವಸ್ತ್ರಗಳ ಕೆಲಸ ರಾಶಿ ಬಿದ್ದಿತ್ತು.

11.10ಕ್ಕೆ ಚಹಾ ತೆಗೆದುಕೊಂಡು ಒಳಗೆ ಹೋದೆ. ಅವರು ಮೇಜಿಗೂ ಪರದೆಗೂ ನಡುವೆ ಬಲಮಗ್ಗುಲಾಗಿ ಬಿದ್ದಿದ್ದರು. ಕುರ್ಚಿ ಉರುಳಿತ್ತು. ಎಡಗೈ ಮಡಚಿ ಎದೆಯ ಮೇಲಿತ್ತು. ಎಂದಿನಂತೆ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟಿರಲಿಲ್ಲ, ಅದು ಕೆನ್ನೆಯಡಿ ಸಿಕ್ಕಿ ಸೊಟ್ಟಗಾಗಿತ್ತು. ಇದನ್ನೆಲ್ಲ ನಾನು ನೋಡಿದೆ. ನೋಡಿಲ್ಲ ಎಂದು ಹೇಳುವುದಿಲ್ಲ. ಕನ್ನಡಕ ಹಾಳು ಮಾಡಿಕೊಂಡರಲ್ಲ ಎಂದು ಸಿಟ್ಟು ಬಂತು, ಈ ಸಲ ಬಹಳ ಶ್ರದ್ಧೆಯಿಂದ ಬಿದ್ದಿದ್ದಾರೆ ಎಂದು ನಗುವೂ ಬಂತು. ಬೇರೆ ದಿನ ಅವರ ರೆಪ್ಪೆ ಅದುರುವುದು, ಹೊಟ್ಟೆ ಏರಿ ಇಳಿಯುವುದು ಕಾಣುತ್ತಿತ್ತು, ನಾನು ತಮಾಷೆ ಮಾಡುತ್ತಿದ್ದೆ. ಅಂದು ಏನೂ ಕಾಣಲಿಲ್ಲ. ಚಹಾವನ್ನು ಮೇಜಿನ ಮೇಲಿಟ್ಟು, ಮಂಡಿಯೂರಿ ಕುಳಿತು ತಲೆಯಿಂದ ಶುರುಮಾಡಿ ಸುತ್ತಲೂ ಗೆರೆ ಎಳೆದೆ. ಏಳುವಾಗ ಅವರಿಗೆ, "ಇವತ್ತು ಚೆನ್ನಾಗಿ ಸತ್ತಿದ್ದೀರಿ ಕಣ್ರೀ, ಬೇಗ ಎದ್ದು ಚಹಾ ಕುಡೀರಿ" ಎಂದೆ. ನಾನು ಅವರಿಗೆ ಹೇಳಿದ ಕೊನೆಯ ಮಾತು ಅದು.

ಹೊರಗೆ ಬಂದು ಮಷೀನಿನ ಮುಂದೆ ಕುಳಿತೆ. ಅದು ಮೋಟಾರಿನ ಮಷೀನು, ಓಡುತ್ತಿರುವಾಗ ಒಳಗಿನ ಸದ್ದು ಕೇಳಿಸುವುದಿಲ್ಲ. ಆ ಹೊತ್ತಿನಲ್ಲಿ ನಾಲ್ಕು ಅಂಗಿಗಳ ತೋಳು ಕೂಡಿಸಿದೆ.

11.50ಕ್ಕೆ ಯಜಮಾನರ ಸ್ನೇಹಿತರು ನನ್ನ ಫೋನಿಗೆ ಕರೆ ಮಾಡಿದರು. ಅವರೂ ಕ್ರೈಂ ಕಾದಂಬರಿಕಾರರು. ಅವರ ಪುಸ್ತಕಗಳಲ್ಲಿ ಅಧ್ಯಾಯಕ್ಕೊಬ್ಬರು ಪಿಸ್ತೂಲು ತೆಗೆಯುವುದರಿಂದ ಯಜಮಾನರು ಅವರನ್ನು ಪಿಸ್ತೂಲು ಎಂದೇ ಕರೆಯುತ್ತಿದ್ದರು. ಇವರು ಫೋನ್ ಎತ್ತುತ್ತಿಲ್ಲ, ಎಲ್ಲಿ ಎಂದು ಕೇಳಿದರು. ಸತ್ತಿದ್ದಾರೆ ಎಂದೆ. ಅವರು ನಕ್ಕರು. ಆಮೇಲೆ, "ಯಾವ ಹೆಣ ಅತ್ತಿಗೆ? ಪುಸ್ತಕ ನಿನ್ನೇನೇ ಮುಗೀತು ಅಂದಿದ್ನಲ್ಲ" ಎಂದರು.

ಪುಸ್ತಕ ಮುಗಿದದ್ದು ನನಗೆ ಗೊತ್ತಿರಲಿಲ್ಲ. ಮುಗಿದ ಸುದ್ದಿಯನ್ನು ಯಜಮಾನರು ಯಾವಾಗಲೂ ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಹೇಳುತ್ತಿದ್ದರು. ಫೋನನ್ನು ಬಟ್ಟೆಯ ಮೇಲೆ ಹಾಗೇ ಬಿಟ್ಟು ಒಳಗೆ ಓಡಿದೆ.

ಚಹಾ ಕೆನೆಗಟ್ಟಿತ್ತು. ಹೆಗಲು ಹಿಡಿದು ಅಲ್ಲಾಡಿಸಿದೆ, ಕೂಗಿದೆ, ಕೆನ್ನೆಗೂ ಹೊಡೆದೆ. ಕುತ್ತಿಗೆ ಇನ್ನೂ ಬೆಚ್ಚಗಿತ್ತು. ಎದೆಯ ಮೇಲೆ ಮಡಚಿದ್ದ ಎಡಗೈ ಈಗ ನೆಲದ ಮೇಲೆ ಪರದೆಯ ಕಡೆಗೆ ಚಾಚಿಕೊಂಡಿತ್ತು, ನಾನು ಎಳೆದ ಗೆರೆಯನ್ನು ದಾಟಿ ಹೋಗಿತ್ತು. ಟೇಪು ನನ್ನ ಕೊರಳಲ್ಲೇ ಇತ್ತು. ಯಾಕೆ ಅಳೆದೆನೋ ಗೊತ್ತಿಲ್ಲ, ಆದರೆ ಅಳೆದೆ. ಗೆರೆಯಿಂದ ನಡುಬೆರಳಿನ ತುದಿಗೆ ಒಂಬತ್ತು ಇಂಚು. ಆಮೇಲೆ ಅವರ ಪಕ್ಕದಲ್ಲೇ ಕುಳಿತುಬಿಟ್ಟೆ. ಫೋನಿನಲ್ಲಿ ನನ್ನ ಕೂಗು ಕೇಳಿ ಆಂಬ್ಯುಲೆನ್ಸ್ ಕರೆಸಿದವರು ಪಿಸ್ತೂಲು ಅವರೇ. ಅದು 12.15ಕ್ಕೆ ಬಂತು. ಗೆರೆ ನೋಡಿ ಪೊಲೀಸರಿಗೆ ತಿಳಿಸಿದವರು ಅದರಲ್ಲಿ ಬಂದವರು.

ಆಸ್ಪತ್ರೆಯ ಡಾಕ್ಟರು ಹೃದಯಾಘಾತ ಎಂದರು. ಬಿದ್ದ ತಕ್ಷಣವೇ ಜೀವ ಹೋಗಿರುತ್ತದೆ, ನೀವು ಆಗಲೇ ನೋಡಿದ್ದರೂ ಮಾಡುವಂಥದ್ದು ಏನೂ ಇರಲಿಲ್ಲ ಎಂದು ನನ್ನ ಕೈ ಹಿಡಿದು ಹೇಳಿದರು. ಒಳ್ಳೆಯ ಹುಡುಗಿ. ನಾನು ಆಗಲಿ ಎಂದೆ. ಕೈಯ ವಿಷಯ ಅವಳಿಗೆ ಹೇಳಲಿಲ್ಲ.

ಇಷ್ಟು ಬರೆದುಕೊಂಡ ಮೇಲೆ ಇನ್‌ಸ್ಪೆಕ್ಟರ್ ಸಾಹೇಬರು ಪೆನ್ನು ಕೆಳಗಿಟ್ಟರು. ಇದು ಸಹಜ ಸಾವು, ಯಾರ ಮೇಲೂ ಅನುಮಾನವಿಲ್ಲ, ಗೆರೆಯ ಕಥೆಯೂ ಫೋನಿನ ಕಥೆಯೂ ತಿಳಿಯಿತು, ಇಲ್ಲಿಗೆ ಮುಗಿಸಬಹುದು ಎಂದರು. ಕೈಯ ಮಾತು ಬೇಡ, ಅವಸರದಲ್ಲಿ ಗೆರೆ ಸೊಟ್ಟ ಬಿದ್ದಿರಬೇಕು ಎಂದು ಬರೆದರೆ ನಿಮಗೂ ಒಂದಿಷ್ಟು ನಿದ್ದೆ ಬರುತ್ತದೆ ಎಂದೂ ಹೇಳಿದರು. ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಅವರ ಮೇಲೆ ನನಗೆ ಬೇಸರವಿಲ್ಲ.

ನಾನು ಅವರಿಗೆ ಹೇಳಿದ್ದು ಇಷ್ಟು: "ಗೆರೆ ಸೊಟ್ಟ ಬಿದ್ದಿಲ್ಲ ಸಾರ್. ನಾನು ಹೊರಗೆ ಬಂದ ಮೇಲೆ ಅವರು ಕೈ ಚಾಚಿದ್ದಾರೆ. ಹಾಗೇ ಬರೀರಿ. ನನಗಂತೂ ಕೇಳಿಸ್ಲಿಲ್ಲ, ಅವರು ನನ್ನ ಕರೆದದ್ದು ಇಲ್ಲಾದ್ರೂ ಇರ್ಲಿ."

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ, ಒಂದು ಮಾತನ್ನೂ ಬಿಟ್ಟಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಯಜಮಾನರು ತೀರಿಕೊಂಡ ಮೂರನೆಯ ದಿನ, ಬುಧವಾರ
ಸಹಿ: ಟೈಲರಮ್ಮ