ಕುರಿಗಳ ಹಿಂದಿನ ಧೂಳು

೧೯೯೬ರ ಬೇಸಿಗೆಯ ಒಂದು ಮಧ್ಯಾಹ್ನ. ಅಕ್ಕಲಕೋಟೆಯ ಎಸ್‌ಟಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತ ಕರಜಗಿಯ ಮುದುಕ ಕುರಿಗಾರನೊಬ್ಬ ಒಂದೇ ಸಮ ಕೆಮ್ಮುತ್ತಿದ್ದ. ಅವನ ಕೈಯಲ್ಲಿದ್ದ ಔಷಧದ ಚೀಟಿ ನೋಡಿ ಆಚೆ ಕೂತ ಹೆಂಗಸು ಮಾತಿಗೆಳೆದಳು.

“ಡಾಕ್ಟರ ಏನಂದ್ರು, ಕಾಕಾ?”

“ಬೈದ್ರು ಯವ್ವಾ. ಹೋದ ತಿಂಗಳ ಹೇಳಿದ್ದ ಯಾಕ ಕೇಳಲಿಲ್ಲ ಅಂದ್ರು.”

“ಏನ ಹೇಳಿದ್ರು?”

“ಗುಡ್ಡದ ಮ್ಯಾಲಿಂದ ಊರಿನ ನೀರಿನ ಟಾಕಿ ಮಸಕ ಕಂಡ್ರ ಅವತ್ತ ಧೂಳ ಭಾಳ ಅಂತ ತಿಳಕೋ, ಹೊರಗ ತಿರಗಬ್ಯಾಡ ಅಂದ್ರು. ಹೋಗೂದ ಬಂದ್ರ ಮೂಗಿಗೆ ಹಸಿ ಟವೆಲ್ ಕಟ್ಟಿ, ಕುರಿ ಮುಂದ ನಡಿ ಅಂದ್ರು.”

“ನೀವು ಹಿಂದ ನಡೀತೀರೇನ?”

“ಮೂವತ್ತ ವರ್ಷಾತು. ಮುಂದ ನನ್ನ ಹೆಂಡತಿ ಸಕ್ಕುಬಾಯಿ ಇರ್ತಿದ್ದಳು. ಅಕೀಗೆ ಧೂಳ ಆಗತಿರಲಿಲ್ಲ, ಅದಕ್ಕ ಮುಂದ ಬಿಟ್ಟಿದ್ದೆ. ದೀಪಾವಳಿಗೆ ಜ್ವರ ಬಂದು ಹೋದಳು.”

ಹೆಂಗಸು ಅವನ ಕಡೆ ತಿರುಗಿ ಕೂತಳು.

“ಇನ್ನರ ಮುಂದ ನಡೀರಿ, ಕಾಕಾ.”

“ಎರಡ ದಿನ ನಡದೆ. ಗಾಳಿ ಛಲೋ ಇತ್ತು, ಕೆಮ್ಮೂ ಕಡಿಮಿ ಆತು.”

“ಮತ್ತ ಯಾಕ ಬಿಟ್ರಿ?”

“ಮುಂದ ನಡದ್ರ ಖಾಲಿ ದಾರಿ ಕಾಣತೈತಿ, ಯವ್ವಾ. ಹಿಂದ ಇದ್ರ ಧೂಳದಾಗ ಏನೂ ಕಾಣಂಗಿಲ್ಲ. ಅಕಿ ಮುಂದ ಹೊಂಟಾಳ ಅನಸ್ತೈತಿ.”

ಕರಜಗಿ ಬಸ್ ಬಂತು. ಮುದುಕ ಎದ್ದು ಹೋಗಿ ಹತ್ತಿದ.