ತಾಮ್ರದ ಪಾತ್ರೆಯಲ್ಲಿ ಬಸವನಹುಳು

...ಅದೇ ಹೇಳ್ತಿದ್ದೆ ಭಾವ, ವಿಷಯ ಗಂಭೀರ. ನಮ್ಮ ಬಸವನಹುಳುಗಳು ತೀರಿಕೊಂಡವು. ಕುಟುಂಬ ಸಮೇತ.

ಯಾಕೆ ನಗ್ತೀರಿ? ಆಕ್ಸಿಜನ್ ಮಾಸ್ಕ್ ಒಳಗೆ ಮಂಜು ಕಟ್ಟುತ್ತೆ. ನ್ಯುಮೋನಿಯಾ ಬಂದವರು ನಕ್ಕರೆ ಕೆಮ್ಮು, ಕೆಮ್ಮಿದ್ರೆ ನರ್ಸಮ್ಮ, ಬೈಸಿಕೊಳ್ಳೋದು ನಾನು. ಸಂಜೆವರೆಗೆ ಉಸಿರು ಹೀಗೇ ನೆಟ್ಟಗಿದ್ರೆ ಮಾಸ್ಕ್ ತೆಗೀತಾರಂತೆ. ಅಲ್ಲೀವರೆಗೆ ಗಾಬರಿ, ದುಃಖ ಯಾವುದೂ ಆಗಬಾರದು ಅಂದಿದಾರೆ ಡಾಕ್ಟರು. ಅದಕ್ಕೇ ನಾನು ಹುಳುಗಳ ಸುದ್ದಿ ತಂದಿರೋದು.

ಬಾಗಿಲ ಕಡೆ ಏನು ನೋಡ್ತೀರಿ... ಅಕ್ಕನಾ? ಹೇಳಿದ್ನಲ್ಲ, ನೆಗಡಿ. ಬರೀ ನೆಗಡಿ. ಮೂಗು ಸೊರಸೊರ ಅನ್ನಿಸ್ತಾ ಬಂದ್ರೆ ವಾರ್ಡಿನೊಳಗೆ ಬಿಡ್ತಾರಾ? ಮನೇಲಿ ಕೂತು ಫೋನಲ್ಲೇ ನನ್ನ ಆಳ್ತಿದ್ದಾಳೆ.

ಕೇಳಿ ಇಲ್ಲಿ. ನಮ್ಮ ಕೆಲಸ ಗೊತ್ತಲ್ಲ, ಕಾರ್ಖಾನೆ ಕೆಳಗಿನ ಕಾಲುವೆಯಿಂದ ಬಸವನಹುಳು ಹಿಡಿದು, ಮೈಯಲ್ಲಿ ಎಷ್ಟು ತಾಮ್ರ, ಎಷ್ಟು ಸೀಸ ಸೇರಿದೆ ಅಂತ ನೋಡೋದು. ನೀರು ಇವತ್ತು ಬಂದು ನಾಳೆ ಹೋಗುತ್ತೆ, ಹುಳು ಅಲ್ಲೇ ಇರುತ್ತೆ. ತಿಂದಿದ್ದು ಮುಚ್ಚಿಡೋಕೆ ಅದಕ್ಕೆ ಬರಲ್ಲ. ಹೋಲಿಸಿ ನೋಡೋಕೆ ಶುದ್ಧ ಕೆರೆಯ ಹುಳುನೂ ಬೇಕು. ಲ್ಯಾಬಿನ ತೊಟ್ಟಿ ಸೋರ್ತಿತ್ತು ಅಂತ ಅವನ್ನ ನಿಮ್ಮ ಮನೆ ಅಡುಗೆಮನೇಲಿ ಇಟ್ಟಿದ್ದೆ, ಪ್ಲಾಸ್ಟಿಕ್ ಟಬ್ಬಲ್ಲಿ.

ಅಕ್ಕನಿಗೆ ಕರುಳು ಚುರುಕ್ ಅಂದಿದೆ. ಮನೆಗೆ ಬಂದವರನ್ನ ಪ್ಲಾಸ್ಟಿಕ್ಕಲ್ಲಿ ಇಡೋದಾ ಅಂತ ಹೊಸ ತಾಮ್ರದ ಪಾತ್ರೆ ಫಳಫಳ ತಿಕ್ಕಿ, ಅದರೊಳಗೆ ಬಿಟ್ಟಿದ್ದಾಳೆ. ತಾಮ್ರ ಅಂದ್ರೆ ಆ ಹುಳುಗಳಿಗೆ ವಿಷ, ಭಾವ. ನಾನೂ ಸುಮ್ನಿರದೆ ಹೆಣಗಳನ್ನ ಪರೀಕ್ಷೆಗೆ ಹಾಕ್ದೆ. ಕಾಲುವೇಗಿಂತ ಶುದ್ಧ ಕೆರೇಲೇ ತಾಮ್ರ ಜಾಸ್ತಿ ಅಂತ ಬಂತು. ಕಾರ್ಖಾನೆ ಮಾಲೀಕನಿಗೆ ಗೊತ್ತಾದ್ರೆ ಅಕ್ಕನಿಗೆ ಶಾಲು ಹೊದಿಸ್ತಾನೆ.

ಏನು ಬೆರಳು ಸುತ್ತಿಸ್ತೀರಿ... ನನಗೆ ಹೇಗೆ ಗೊತ್ತಾಯ್ತು ಅಂತಲಾ? ನಿನ್ನೆ ನಿಮ್ಮ ಹೊದಿಕೆ ತರೋಣ ಅಂತ ಹೋದೆ. ಬೀಗ ತೆಗೆದು ಒಳಗೆ ಕಾಲಿಟ್ರೆ ಗಬ್ಬು ವಾಸನೆ. ಎಷ್ಟು ದಿನದಿಂದಲೋ ಆ ಕಡೆ ಯಾರೂ...

ಯಾಕೆ, ನಗು ನಿಂತೇ ಹೋಯ್ತು?

ಬೀಗ ಅಂದ್ರೆ... ಅಕ್ಕ ಔಷಧಿ ಅಂಗಡಿಗೆ ಹೋಗಿದ್ಲು. ಹೌದು, ಅಂಗಡಿಗೆ. ವಾಸನೆನಾ? ನೆಗಡಿ ಅಲ್ವಾ, ಅವಳಿಗೆ ವಾಸನೆ ಎಲ್ಲಿ ಗೊತ್ತಾಗುತ್ತೆ. ನೋಡಿ, ಎಷ್ಟು ಸರಿಯಾಗಿ ಹೊಂದುತ್ತೆ.

ಏನಾದ್ರೂ ಸನ್ನೆ ಮಾಡಿ ಭಾವ. ಇಷ್ಟೊತ್ತೂ ಹುಬ್ಬು ಕುಣಿಸ್ತಿದ್ರಿ, ಬೆರಳು ಆಡಿಸ್ತಿದ್ರಿ. ಫೋನ್ ಹಚ್ಚಿಕೊಡು ಅಂತಾದ್ರೂ ಕೇಳಿ. ಇಲ್ಲ, ಕೇಳಬೇಡಿ.

ಹಾಗೆ ನೋಡಬೇಡಿ.

ಮಾಸ್ಕಿಗೆ ಕೈ ಹಾಕಬೇಡಿ ಭಾವ. ಕೈ ಕೆಳಗಿಡಿ, ಹೇಳ್ತೀನಿ. ಮೊದಲು ಕೈ... ಹಾಂ. ನಿಧಾನಕ್ಕೆ ಉಸಿರು ತಗೊಳ್ಳಿ. ಇನ್ನೊಂದು.

ಅಕ್ಕ ಇದೇ ಆಸ್ಪತ್ರೇಲಿದ್ದಾಳೆ, ಮೇಲಿನ ಮಹಡೀಲಿ. ನಿಮ್ಮದೇ ಸೋಂಕು, ಎರಡೂ ಶ್ವಾಸಕೋಶಕ್ಕೆ ಹಬ್ಬಿದೆ. ಇವತ್ತು ಬೆಳಿಗ್ಗೆ ವೆಂಟಿಲೇಟರ್ ಹಾಕಿದ್ರು.