ಮಾಕ್ ಡ್ರಿಲ್ಲಿನ ಗಾಯ

ಸಂಜೆ ಚಂದಾಪುರದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕಾರ್ಖಾನೆಯ ಸಮವಸ್ತ್ರ ತೊಟ್ಟ ಇಬ್ಬರು ಹೆಂಗಸರು ಕೂತಿದ್ದರು. ಕಿರಿಯವಳ ಮುಂಗೈ ತುಂಬ ಸುಟ್ಟ ಗಾಯ. ನನಗೆ ಗಾಬರಿಯಾಯಿತು, ಅವಳು ಮಾತ್ರ ನಗುತ್ತಿದ್ದಳು.

“ತೊಳಕೊಂಡು ಬರಬಾರದೇನ, ಶಿವಗಂಗಾ? ಮಂದಿ ಅಂಜತಾರ.”

“ಮನ್ಯಾಗಿನ ಹುಡುಗ್ರಿಗೆ ತೋರಿಸ್ಬೇಕು, ಚನ್ನಕ್ಕ. ಫ್ಯಾಕ್ಟರಿ ಬೆಂಕಿ ಮಾಕ್ ಡ್ರಿಲ್‌ನಾಗ ಗಾಯಾಳು ಪಾರ್ಟ್ ಮಾಡಿದಾಕಿ ನಾನs ಅಂದ್ರ ಅವು ನಂಬಂಗಿಲ್ಲ.”

“ಹೋದ ವರ್ಷ ನನಗ ಗ್ವಾಡಿಗೆ ಬಳಿಯೋ ಬಣ್ಣನs ಕೈಗೆ ಬಳದಿದ್ರು. ಖರೇನs ಗುಳ್ಳಿ ಎದ್ದು ದವಾಖಾನಿಗೆ ಹೋದೆ.”

“ಅದಕ್ಕs ಈ ಸಲ ಹಟ ಹಿಡದೆ. ಮೈಗೆ ಹಚ್ಚೋ ಬಣ್ಣ ತರಿಸ್ರಿ, ಇಲ್ಲಾಂದ್ರ ನಾ ಸ್ಟ್ರೆಚರ್ ಮ್ಯಾಲ ಮಲಗಂಗಿಲ್ಲ ಅಂದೆ. ನಿನ್ನೆ ಒಂದು ಚುಕ್ಕಿ ಹಚ್ಚಿ ನೋಡಿದ್ರು. ತುರಿಕಿಲ್ಲ, ಉರಿಯಿಲ್ಲ.”

“ಸಾಹೇಬ್ರು ಸಿಟ್ಟಾಗಲಿಲ್ಲೇನು?”

“ಆದ್ರು. ಚನ್ನಕ್ಕನ ಕೈಮ್ಯಾಲಿನ ಗುಳ್ಳಿ ಕಲಿ ನೋಡಿ ಬರ್ರಿ ಅಂದೆ. ಬಣ್ಣ ತರಿಸಿದ್ರು.”

ಚನ್ನಕ್ಕ ಅವಳ ಕೈ ಹಿಡಿದುಕೊಂಡಳು.

“ಹಂಗಾದ್ರ ಮುಂದಿನ ಸಲ ನಾ ಮಲಗತೀನಿ. ಮಾರಿಗೂ, ಗಲ್ಲಕ್ಕೂ ಹಚ್ಚಿಸ್ಕೋತೀನಿ.”

“ನಿಮ್ಮ ಗಂಡ ಸೋಮಪ್ಪಣ್ಣ ಅಂಜಿ ನಡುಗ್ತಾನ!”

“ನಡುಗಲಿ ಬಿಡು. ಒಂದಿನಾರ ನನಗ ಚಾ ಮಾಡಿ ಕೊಡ್ತಾನ.”

ಚಂದಾಪುರ ಬಂತು. ಇಬ್ಬರೂ ನಗುತ್ತಲೇ ಇಳಿದು ಜನಸಂದಣಿಯಲ್ಲಿ ಸೇರಿಹೋದರು.